ಮಲೆನಾಡಿನ ಅಡಿಕೆ ಮತ್ತು ರಾಷ್ಟ್ರಗಳ ನಡುವಣ ಕರಾರು

2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ವಿದೇಶದ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಗಳಿಂದ 351ಕ್ಕೆ ಏರಿಸಿದುದು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬೆಳೆಗಾರರ ಬಹುದಿನದ ಮೊರೆಗೆ ದೊರೆತ ಉತ್ತರವಾಗಿತ್ತು. ನೂರಕ್ಕೆ ನೂರರಷ್ಟು ಆಮದು ಸುಂಕವು ಮೊದಲೇ ಇರುವಾಗ ಈ ಎರಡನೆಯ ಕಟ್ಟುಪಾಡು ಏತಕ್ಕೆಂದು ಕೇಳುವುದು ಸಹಜ. ಆ ಸುಂಕದ ಗೋಡೆಯಲ್ಲಿ ನಾವೇ ಸಮ್ಮತಿಸಿ ತೆರೆದ ಬಾಗಿಲುಗಳಿವೆ: 2000ದ ಮಾರ್ಚಿನಲ್ಲಿ ಜಾರಿಗೆ ಬಂದ ಶ್ರೀಲಂಕಾದೊಡನೆಯ ಮುಕ್ತ ವ್ಯಾಪಾರ ಒಪ್ಪಂದ ಒಂದು, 2004ರಲ್ಲಿ ಇಸ್ಲಾಮಾಬಾದಿನಲ್ಲಿ ಸಹಿಯಾದ, ದಕ್ಷಿಣ ಏಷ್ಯಾದ ರಾಷ್ಟ್ರಗಳ ‘ಸಾಫ್ಟಾ’ ಇನ್ನೊಂದು.

ನೆರೆಯ ದೇಶದ ರೈತನು ಬೆಳೆದುದಕ್ಕೆ ರಿಯಾಯಿತಿ ತೋರುವುದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ವಸ್ತುವು ಆ ದೇಶದಲ್ಲೇ ಬೆಳೆದುದಾಗಿರಬೇಕೆಂಬ ಉತ್ಪತ್ತಿಮೂಲದ ನಿಯಮವೇ ಇಂತಹ ಕರಾರುಗಳ ಜೀವಾಳ. ಅದಕ್ಕಿರುವ ಆಧಾರವಾದರೋ ಆ ದೇಶದ ಕಚೇರಿಯೊಂದು ಕೊಡುವ ಪ್ರಮಾಣಪತ್ರ. ಇಂಡೋನೇಷ್ಯದಲ್ಲಿ ಬೆಳೆದ ಅಡಿಕೆಯು ಲಂಕೆಯಲ್ಲಿಳಿದು, ಲಂಕೆಯದೆಂಬ ಕಾಗದದೊಡನೆ ಭಾರತದ ಬಂದರಿಗೆ ಬಂದರೆ, ಒಣಗಿದ ಚಾಲಿ ಅಡಿಕೆಯನ್ನು ಕೈಯಲ್ಲಿ ಹಿಡಿದು ಅದರ ಹುಟ್ಟೂರನ್ನು ಹೇಳಬಲ್ಲವರು ಯಾರು? 2020ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಸುಂಕ ನಿಯಮಗಳು ಮೂಲದ ವಿವರವನ್ನು ಹೊಂದಿರಬೇಕಾದ ಹೊಣೆಯನ್ನು ಆಮದುದಾರನ ಮೇಲೆಯೇ ಹೊರಿಸಿವೆ. ಆದರೂ ಸಂಶಯ ಬಂದಾಗ ಪತ್ರವಿತ್ತ ದೇಶವನ್ನೇ ವಿಚಾರಿಸಬೇಕು. ಆ ಸರ್ಕಾರದ ಅನುಮತಿಯಿಲ್ಲದೆ ನಮ್ಮ ಅಧಿಕಾರಿಯು ಅಲ್ಲಿಯ ತೋಟವನ್ನು ಪ್ರವೇಶಿಸುವಂತಿಲ್ಲ. ಸಾರ್ವಭೌಮತ್ವವೆಂದರೆ ಅದೇ ಅಲ್ಲವೆ! ಬೆಲೆಯ ವಿಚಾರವೂ ಹೀಗೆಯೇ. ಕಾಗದದಲ್ಲಿ 351 ಎಂದು ಕಾಣಿಸಿ ನಿಜವಾಗಿ ಕಡಮೆ ತೆತ್ತವನನ್ನು ಹಿಡಿಯಬೇಕಾದರೆ ಅತ್ತಣ ದೇಶದ ದಾಖಲೆಗಳು ಬೇಕು.

ವಸ್ತುವಿನ ಹೆಸರಿನ ಬಗ್ಗೆಯೂ ವ್ಯಾಜ್ಯವುಂಟು. ತೀರ್ಥಹಳ್ಳಿಯ ಕಡೆ ಎಳೆಯ ಕಾಯನ್ನು ಸುಲಿದು, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಬೆರೆಸಿದ ನೀರಿನಲ್ಲಿ ಬೇಯಿಸಿ, ಒಣಗಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವವರಿಗೆ ಬೆಂದ ಅಡಿಕೆಯೂ ಅಡಿಕೆಯೇ. ಅಬಕಾರಿ ಸುಂಕದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ, ಪುಡಿಮಾಡಿ ಪರಿಮಳ ಬೆರೆಸಿದ ಮಾತ್ರಕ್ಕೆ ಅಡಿಕೆಯು ಬೇರೆ ವಸ್ತುವಾಗದೆಂದು 2007ರಲ್ಲಿ ತೀರ್ಪಿತ್ತಿತ್ತು. ಬಂದರಿನಲ್ಲಿ ಮಾತ್ರ, ಬೆಂದ ಅಡಿಕೆಯು ಕಾಯಿಯೋ ಸಿದ್ಧಪಡಿಸಿದ ಆಹಾರವೋ ಎಂಬ ವಾದವು ಬಳಿಕವೂ ನಡೆದೇ ಇತ್ತು.

ಭೂತಾನಿನ ಹಸಿ ಅಡಿಕೆ ವರ್ಷಕ್ಕೆ 17,000 ಟನ್ ಬರಲು ಕನಿಷ್ಠ ಆಮದು ಬೆಲೆಯ ಕಟ್ಟುಪಾಡಿನಿಂದ 2022ರಲ್ಲಿ ದೊರೆತ ವಿನಾಯಿತಿಯು ಬಹಿರಂಗವಾದುದು, ಮಿತಿಯುಳ್ಳದ್ದು. ಮ್ಯಾನ್ಮಾರಿನ ಗಡಿಯ ಕತೆ ಬೇರೆ. ಮಿಜೋರಾಮಿನ ಚಂಫಾಯಿಯಲ್ಲಿ ಕಳ್ಳಸಾಗಣೆಯ ಅಡಿಕೆಯನ್ನು ಅಸ್ಸಾಂ ರೈಫಲ್ಸ್ ಪದೇ ಪದೇ ವಶಪಡಿಸಿಕೊಂಡಿದೆ. ಅಂತರ್ಯುದ್ಧದಲ್ಲಿ ಬೇಯುತ್ತಿರುವ ದೇಶದಿಂದ ಸಹಕಾರವನ್ನು ಹೇಗೆ ನಿರೀಕ್ಷಿಸೋಣ? ಬೆಳೆಗಾರರ ಪರ ವಾದಿಸುವಾಗ ಮರೆಯಬಾರದ ಇನ್ನೊಂದು ಮಾತೂ ಇದೆ: ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದಿರುವುದೂ ನಿಜ. ಅದನ್ನು ಕೇವಲ ವಿದೇಶೀ ಪಿತೂರಿಯೆಂದು ತಳ್ಳಿಹಾಕುವುದು ನಮ್ಮ ಮಕ್ಕಳಿಗೆ ಹಿತವಲ್ಲ.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಕೃಷಿಯು 14ನೆಯ ವಿಷಯ. ಕೇಂದ್ರಪಟ್ಟಿಯಲ್ಲಿ ವಿದೇಶಗಳೊಡನೆ ಮಾಡಿಕೊಳ್ಳುವ ಒಪ್ಪಂದಗಳೂ 14ನೆಯ ವಿಷಯವೇ. ಕರಾರಿಗೆ ಅಂಕಿತ ಹಾಕುವ ಮುನ್ನ ಸಂಸತ್ತಿನ ಸಮ್ಮತಿಯೂ ಕಡ್ಡಾಯವಲ್ಲ. 1939ರಿಂದ ಶಿವಮೊಗ್ಗದಲ್ಲಿರುವ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್, ಕರ್ನಾಟಕ ಮತ್ತು ಕೇರಳದ ಬೆಳೆಗಾರರು 1973ರಲ್ಲಿ ಕೂಡಿ ಕಟ್ಟಿದ ಕ್ಯಾಂಪ್ಕೊ ಇವುಗಳ ಅಭಿಪ್ರಾಯವನ್ನು ಸಹಿಯಾದ ಬಳಿಕವಲ್ಲ, ಮಾತುಕತೆ ಮೊದಲಾಗುವಾಗಲೇ ಕೇಳತಕ್ಕದ್ದು. ಮುಂದಿನ ಒಪ್ಪಂದದ ಕರಡು ಸಿದ್ಧವಾಗುವ ಮೊದಲೇ ನಮ್ಮ ಸಂಸದರು ಈ ಬೇಡಿಕೆಯನ್ನು ದೆಹಲಿಯಲ್ಲಿ ಎತ್ತಬೇಕು.