ಕಿಂಗ್‌ಕಾಂಗ್ ಹತ್ತಿದ ಕಟ್ಟಡ… ಜಪಾನ್ ಸಾಹುಕಾರರು ಜಾರಿದ ಕಥೆ!

‘ಕಿಂಗ್‌ಕಾಂಗ್’ ಗೊತ್ತಿಲ್ಲದ ಸಿನಿಮಾ ಹುಚ್ಚ ಯಾರಿದ್ದಾನೆ ಹೇಳಿ? ಹುಡುಗಿಯನ್ನು ಅಂಗೈಯಲ್ಲಿ ಹಿಡಿದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಏರಿ, ವಿಮಾನಗಳ ಗುಂಡಿಗೆ ಎದೆಯೊಡ್ಡಿ, ಕೊನೆಗೆ 102 ಅಂತಸ್ತಿನ ಮೇಲಿಂದ ಉರುಳಿಬಿದ್ದ ದೈತ್ಯ ಗೊರಿಲ್ಲಾ! ಚಿತ್ರ ಬಂದದ್ದು 1933ರಲ್ಲಿ. ಇವತ್ತಿಗೂ ಆ ದೃಶ್ಯಕ್ಕೆ ಶಿಳ್ಳೆ ಬೀಳುತ್ತೆ.

ಆದರೆ ಅದೇ ಕಟ್ಟಡ ಏರಲು ಹೋಗಿ ಬಿದ್ದ ಇನ್ನೊಬ್ಬನಿದ್ದಾನೆ. ಅವನ ಮೇಲೆ ಯಾರೂ ಗುಂಡು ಹಾರಿಸಲಿಲ್ಲ. ಒಂದು ಕರಾರುಪತ್ರವೇ ಅವನನ್ನು ಕೆಡವಿತು! ಅಷ್ಟೇ ಅಲ್ಲ. ಆ ಚಿತ್ರ ಬಿಡುಗಡೆಯಾದ ಥಿಯೇಟರಿನ ಜಾಗವನ್ನೇ ಕೊಂಡ ಜಪಾನಿನ ದೊಡ್ಡ ಕಂಪನಿಯೊಂದು ಆರು ವರ್ಷದೊಳಗೆ ಕೈಚೆಲ್ಲಿ ಹೊರನಡೆಯಿತು.

“ಸಿನಿಮಾ ಪತ್ರಿಕೆಯಲ್ಲಿ ಜಾಗ ಮನೆ ಪುರಾಣ ಯಾಕಪ್ಪಾ?” ಅಂತ ಮೂಗು ಮುರೀಬೇಡಿ. ಈಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಶನಿವಾರ ಭಾನುವಾರ ಮೇಳ ಕಟ್ಟಿ, ದುಬೈನಲ್ಲಿ ಅಂಗಡಿ ಕೊಳ್ಳಿ, ಲಂಡನ್ನಿನಲ್ಲಿ ಆಫೀಸು ಕೊಳ್ಳಿ ಅಂತ ಕರೀತಾರೆ. ಅಂಥ ಒಂದು ಮೇಳಕ್ಕೆ ನಾನೂ ಹೋಗಿದ್ದೆ. ಮಿರಿಮಿರಿ ಮಿಂಚುವ ಪುಸ್ತಕ, ಟೈ ಕಟ್ಟಿದ ಹುಡುಗ, ಬಿಟ್ಟಿ ಕಾಫಿ. ನನ್ನ ಪಕ್ಕ ಕೂತಿದ್ದವರು ಕೋಟ್ಯಧೀಶರಲ್ಲ. ಮಗ ಮಸ್ಕತ್‌ನಲ್ಲಿ ದುಡಿದು ಕಳಿಸಿದ ಹಣಕ್ಕೆ ದಾರಿ ಹುಡುಕಿ ಬಂದ ಉಡುಪಿ ಕಡೆಯ ಮೇಷ್ಟ್ರು! ಕಾಲೇಜಿನಲ್ಲಿ ಲೆಕ್ಕದ ಪುಸ್ತಕ ಮುಚ್ಚಿಟ್ಟು ಪಿಯುಸಿಗೇ ನಮಸ್ಕಾರ ಹೊಡೆದವನು ನಾನು. ನನಗೇ ಅರ್ಥವಾದ ಲೆಕ್ಕ ಇದು. ನಿಮಗೆ ಆಗದೆ ಇರುತ್ತದೆಯೆ?

ಆರು ಸಾವಿರ ಸೀಟಿನ ಥಿಯೇಟರ್!

ಮೊದಲು ಜಾಗದ ಪರಿಚಯ. ನ್ಯೂಯಾರ್ಕಿನ ನಡುಮಧ್ಯೆ ರಾಕ್‌ಫೆಲ್ಲರ್ ಸೆಂಟರ್ ಎಂಬ ಕಟ್ಟಡಗಳ ದೊಡ್ಡ ಸಮೂಹವಿದೆ. ಎಣ್ಣೆ ಸಾಹುಕಾರ ರಾಕ್‌ಫೆಲ್ಲರರ ಮಗ 1930ರ ದಶಕದಲ್ಲಿ, ಅಮೆರಿಕವೇ ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ ಕಟ್ಟಿಸಿದ್ದು. ಅದರ ಒಂದು ಮೂಲೆಯಲ್ಲಿ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್. 1932ರ ಡಿಸೆಂಬರ್ 27ರಂದು ಬಾಗಿಲು ತೆರೆಯಿತು. ಸೀಟುಗಳೆಷ್ಟು ಗೊತ್ತೆ? ಸುಮಾರು ಆರು ಸಾವಿರ! ಸಾವಿರ ಸೀಟಿನ ಥಿಯೇಟರನ್ನೇ ಬಾಯಿ ಬಿಟ್ಟು ನೋಡುವವರು ನಾವು. 1933ರ ಮಾರ್ಚ್ 2ರಂದು ‘ಕಿಂಗ್‌ಕಾಂಗ್’ ತೆರೆ ಕಂಡದ್ದು ಇಲ್ಲಿಯೇ.

ಇಡೀ ಸಮೂಹ ಕಟ್ಟಿದವರು ರಾಕ್‌ಫೆಲ್ಲರ್ ಆದರೂ ಅದರ ಕೆಳಗಿನ ಬಹುಪಾಲು ನೆಲ ಅವರದಾಗಿರಲಿಲ್ಲ. ಅದು ಕೊಲಂಬಿಯಾ ವಿಶ್ವವಿದ್ಯಾಲಯದ್ದು, ಗೇಣಿಗೆ ಪಡೆದದ್ದು. 1985ರಲ್ಲಿ 40 ಕೋಟಿ ಡಾಲರ್ ಕೊಟ್ಟು ನೆಲವನ್ನು ಕೊಂಡರು. ಅದೇ ವರ್ಷ ಕಟ್ಟಡಗಳನ್ನು ಅಡವಿಟ್ಟು 130 ಕೋಟಿ ಡಾಲರ್ ಸಾಲ ಎತ್ತಿದರು. ಈ ಸಾಲದ ಅಂಕಿಯನ್ನು ನೆನಪಿಡಿ. ಕ್ಲೈಮ್ಯಾಕ್ಸಿನಲ್ಲಿ ಮತ್ತೆ ಬರುತ್ತೆ!

ಯೆನ್ ಎಂಬ ಹೀರೋ

1985ರ ಸೆಪ್ಟೆಂಬರ್ 22. ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳ ಹಣಕಾಸು ಮಂತ್ರಿಗಳು ಸೇರಿ, ಡಾಲರಿನ ಬೆಲೆ ಇಳಿಸೋಣ ಅಂತ ಒಪ್ಪಂದ ಮಾಡಿಕೊಂಡರು. ಆಗ ಒಂದು ಡಾಲರಿಗೆ ಸುಮಾರು 240 ಯೆನ್ ಕೊಡಬೇಕಿತ್ತು. 1988ರ ಆರಂಭಕ್ಕೆ 120ರ ಆಸುಪಾಸು ಸಾಕಾಯಿತು. ಅಂದರೆ ಜಪಾನಿನವರ ಕಣ್ಣಿಗೆ ಇಡೀ ಅಮೆರಿಕ ಅರ್ಧ ಬೆಲೆಗೆ ಹರಾಜಿಗೆ ಬಿದ್ದಂತೆ ಕಂಡಿತು! ಜೊತೆಗೆ ಟೋಕಿಯೋದಲ್ಲಿ ಬ್ಯಾಂಕುಗಳು ಕರೆದು ಕರೆದು ಸಾಲ ಕೊಡುತ್ತಿದ್ದವು.

ಶುರುವಾಯಿತು ಖರೀದಿ! 1989ರಲ್ಲಿ ಸೋನಿ ಕಂಪನಿ ಕೊಲಂಬಿಯಾ ಪಿಕ್ಚರ್ಸ್ ಸ್ಟುಡಿಯೋವನ್ನು 340 ಕೋಟಿ ಡಾಲರಿಗೆ ಕೊಂಡಿತು. ‘ನ್ಯೂಸ್‌ವೀಕ್’ ಪತ್ರಿಕೆ ತನ್ನ ಮುಖಪುಟದಲ್ಲಿ ಕೊಲಂಬಿಯಾದ ಪಂಜು ಹಿಡಿದ ಹೆಂಗಸಿಗೆ ಜಪಾನಿನ ಕಿಮೋನೋ ಉಡಿಸಿ ಗೇಲಿ ಮಾಡಿತು. ಅದಕ್ಕೆ ಒಂದು ವರ್ಷ ಮೊದಲೇ ಬಂದಿದ್ದ ‘ಡೈ ಹಾರ್ಡ್’ ಚಿತ್ರದಲ್ಲಿ ಕಳ್ಳರು ನುಗ್ಗುವ ಗಗನಚುಂಬಿಯ ಹೆಸರು ನಕಟೋಮಿ ಪ್ಲಾಜಾ, ಒಡೆಯರು ಜಪಾನಿನವರು. ನಿಜಕ್ಕೂ ಶೂಟಿಂಗ್ ಆದದ್ದು ಲಾಸ್ ಏಂಜಲೀಸಿನ ಫಾಕ್ಸ್ ಪ್ಲಾಜಾದಲ್ಲಿ. ಜನರ ಮನಸ್ಸಿನಲ್ಲಿದ್ದ ಭಯವನ್ನು ಹಾಲಿವುಡ್ ಟಿಕೆಟ್ ಮಾಡಿ ಮಾರಿತ್ತು!

1989ರ ಅಕ್ಟೋಬರ್ ಕೊನೆಯಲ್ಲಿ ಬಂತು ಬಾಂಬು. ಮಿತ್ಸುಬಿಷಿ ಎಸ್ಟೇಟ್ ಕಂಪನಿ 84 ಕೋಟಿ 60 ಲಕ್ಷ ಡಾಲರ್ ಕೊಟ್ಟು ರಾಕ್‌ಫೆಲ್ಲರ್ ಗ್ರೂಪಿನ 51 ಪರ್ಸೆಂಟ್ ಪಾಲು ಕೊಳ್ಳುತ್ತಿದೆ! ಮುಂದೆ ಪಾಲು 80 ಪರ್ಸೆಂಟಿಗೆ ಏರಿತು. ಅಮೆರಿಕದವರು ಹುಯಿಲೆಬ್ಬಿಸಿದರು. ಪ್ರತಿ ಡಿಸೆಂಬರ್ ಅಲ್ಲಿ ನಿಲ್ಲಿಸುವ ಕ್ರಿಸ್‌ಮಸ್ ಮರವೂ ಜಪಾನಿನ ಪಾಲಾಯಿತು ಅಂತ ಗೋಳಾಡಿದರು. ತಮಾಷೆ ಏನೆಂದರೆ, ಆಗ ಅಮೆರಿಕದಲ್ಲಿ ಒಟ್ಟಾರೆ ಹೆಚ್ಚು ಬಂಡವಾಳ ಹೂಡಿದ್ದ ವಿದೇಶೀಯರು ಬ್ರಿಟನ್ನಿನವರು! ಅವರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಮಿತ್ಸುಬಿಷಿ ಎಸ್ಟೇಟ್ ಏನು ಎಳೆಮಗುವೆ? ಟೋಕಿಯೋದ ಅತಿ ದುಬಾರಿ ಆಫೀಸು ಬಡಾವಣೆ ಮರುನೌಚಿಯ ಒಡೆಯರು. ಬಾಡಿಗೆ ವ್ಯವಹಾರದಲ್ಲಿ ನೂರು ವರ್ಷದ ಅನುಭವ. ಅಂಥವರೇ ಜಾರಿದರು ಎನ್ನುವುದೇ ಈ ಕಥೆಯ ಸ್ವಾರಸ್ಯ.

ಇಂಟರ್‌ವಲ್ ಆದ ಮೇಲೆ…

ಲೆಕ್ಕಾಚಾರ ಹೀಗಿತ್ತು. 1990ರ ದಶಕದ ಮಧ್ಯದ ಹೊತ್ತಿಗೆ ಹಳೆಯ ಬಾಡಿಗೆದಾರರ ಕರಾರುಗಳು ಮುಗಿಯುತ್ತವೆ. ಹಳೇ ಕಾಲದ ಕಡಿಮೆ ಬಾಡಿಗೆ ಹೋಗಿ ಹೊಸ ರೇಟು ಬರುತ್ತದೆ. ಅಲ್ಲಿಯವರೆಗೆ ಸ್ವಲ್ಪ ಕೈಯಿಂದ ಹಾಕಿದರಾಯಿತು. ಪೇಪರಿನ ಮೇಲೆ ಸೂಪರ್ ಹಿಟ್!

ಆದರೆ 1990ರ ನಂತರ ಅಮೆರಿಕದಲ್ಲಿ ವ್ಯಾಪಾರ ಕುಗ್ಗಿತು. ನ್ಯೂಯಾರ್ಕಿನಲ್ಲಿ ಆಫೀಸುಗಳು ಖಾಲಿ ಬಿದ್ದವು. ಬಾಡಿಗೆ ಏರುವ ಬದಲು ಇಳಿಯಿತು. ಬರುವ ಬಾಡಿಗೆ ಆ 130 ಕೋಟಿ ಸಾಲದ ಬಡ್ಡಿಗೇ ಸಾಲದಾಯಿತು. ತಿಂಗಳು ತಿಂಗಳೂ ಟೋಕಿಯೋದಿಂದ ಹಣ ತಂದು ತುಂಬಬೇಕಾಯಿತು. ಅಲ್ಲಾದರೂ ಹಣ ಎಲ್ಲಿದೆ? 1989ರ ಡಿಸೆಂಬರ್ 29ರಂದು 38,915 ಮುಟ್ಟಿದ್ದ ಟೋಕಿಯೋ ಷೇರುಪೇಟೆಯ ಸೂಚ್ಯಂಕ ಮರುವರ್ಷದ ಕೊನೆಗೆ 24 ಸಾವಿರದ ಆಸುಪಾಸಿಗೆ ಕುಸಿದಿತ್ತು. ಅದರ ಹಿಂದೆಯೇ ಭೂಮಿ ಬೆಲೆಯೂ ಬಿತ್ತು.

ಇಲ್ಲಿ ನೋಡಿ ಅಸಲಿ ತಿರುವು! ಖರೀದಿಯ ದಿನ ಡಾಲರಿಗೆ ಸುಮಾರು 140 ಯೆನ್. ಅಂದರೆ ನೂರು ಡಾಲರ್ ಬಾಡಿಗೆ ಬಂದರೆ ಟೋಕಿಯೋದ ಲೆಕ್ಕದಲ್ಲಿ 14 ಸಾವಿರ ಯೆನ್. 1995ರ ಏಪ್ರಿಲ್‌ನಲ್ಲಿ ಡಾಲರ್ 80 ಯೆನ್‌ಗಿಂತ ಕೆಳಗೆ ಜಾರಿತು. ಅದೇ ನೂರು ಡಾಲರಿಗೆ ಈಗ 8 ಸಾವಿರ ಯೆನ್ ಮಾತ್ರ! ಯೆನ್ ಬಲವಾದದ್ದರಿಂದ ಕಟ್ಟಡ ಅಗ್ಗವಾಗಿ ಕಂಡಿತು. ಯೆನ್ ಇನ್ನೂ ಬಲವಾದದ್ದರಿಂದ ಕೊಂಡ ಕಟ್ಟಡ ಕರಗಿತು. ಮೊದಲರ್ಧದ ಹೀರೋ ದ್ವಿತೀಯಾರ್ಧದಲ್ಲಿ ವಿಲನ್!

1995ರ ಮೇ ತಿಂಗಳಲ್ಲಿ ರಾಕ್‌ಫೆಲ್ಲರ್ ಸೆಂಟರ್ ದಿವಾಳಿ ಅರ್ಜಿ ಹಾಕಿತು. ಸೆಪ್ಟೆಂಬರ್ ಹೊತ್ತಿಗೆ ಮಿತ್ಸುಬಿಷಿ, ಅಡವಿಟ್ಟ ಆ ಹಳೆಯ ಕಟ್ಟಡಗಳನ್ನು ಸಾಲ ಕೊಟ್ಟವರಿಗೇ ಬಿಟ್ಟು ಹೊರಡುವ ತೀರ್ಮಾನ ಮಾಡಿತು. 1996ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, ಟಿಷ್‌ಮನ್ ಸ್ಪೈಯರ್ ಮತ್ತು ಡೇವಿಡ್ ರಾಕ್‌ಫೆಲ್ಲರ್ ಮುಂತಾದವರ ಗುಂಪು ಅದನ್ನು ಕೈಗೆ ತೆಗೆದುಕೊಂಡಿತು. ಹೌದು, 1989ರಲ್ಲಿ ಮಾರಿದ ಮನೆತನದವರೇ ಪಾಲುದಾರರಾಗಿ ವಾಪಸ್ಸು ಬಂದರು! 2000ದಲ್ಲಿ ಅದೇ ಜಾಗ 185 ಕೋಟಿ ಡಾಲರಿಗೆ ಕೈ ಬದಲಾಯಿತು.

ಕಟ್ಟಡ ಫ್ಲಾಪ್ ಆಗಿರಲಿಲ್ಲ ಸ್ವಾಮಿ. ಕೊಂಡ ರೇಟು ಫ್ಲಾಪ್ ಆಗಿತ್ತು!

ನೆಗೆಟಿವ್ ನಿಮ್ಮದು, ರೈಟ್ಸ್ ಅವರದು

ಈಗ ಕಿಂಗ್‌ಕಾಂಗ್ ಹತ್ತಿದ ಕಟ್ಟಡಕ್ಕೆ ಬರೋಣ. ಇದನ್ನು ಅರ್ಥ ಮಾಡಿಕೊಳ್ಳಲು ನಾನು ಗಾಂಧಿನಗರಕ್ಕೇ ಹೋದೆ. ನಲವತ್ತು ವರ್ಷ ಥಿಯೇಟರ್ ಮ್ಯಾನೇಜರ್ ಆಗಿದ್ದ ಹಿರಿಯರೊಬ್ಬರು ಚಹಾ ಹೀರುತ್ತಾ ಕೇಳಿದರು.

“ಏನಪ್ಪಾ, ನಮ್ಮ ಥಿಯೇಟರ್ ಯಾರದು ಅಂದ್ಕೊಂಡಿದ್ದೆ?”

“ಬೋರ್ಡಿನಲ್ಲಿ ಹೆಸರಿದೆಯಲ್ಲ ಸಾರ್.”

“ಬೋರ್ಡು ಬಿಡು. ನೆಲ ಒಬ್ಬರದು, ಗೋಡೆ ಒಬ್ಬರದು, ಲೀಸು ಇನ್ನೊಬ್ಬರದು. ಗಲ್ಲಾಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇದೆಯೋ ಅವನೇ ನಿಜವಾದ ಯಜಮಾನ. ಲೀಸು ಮುಗಿಯೋವರೆಗೂ ನೆಲದ ಸಾಹುಕಾರ ಟಿಕೆಟ್ ತಗೊಂಡೇ ಒಳಗೆ ಬರಬೇಕು!”

ಎಂಪೈರ್ ಸ್ಟೇಟ್ ಕಥೆಯೂ ಇಷ್ಟೇ ನೋಡಿ. 1961ರಲ್ಲಿ ಆ ಕಟ್ಟಡದ ವ್ಯವಹಾರ ಎರಡು ಹೋಳಾಯಿತು. ಒಡೆತನ ಪ್ರುಡೆನ್ಷಿಯಲ್ ವಿಮಾ ಕಂಪನಿಗೆ. ಕಟ್ಟಡ ನಡೆಸಿ ಬಾಡಿಗೆ ಎತ್ತುವ ಹಕ್ಕು ಲಾರೆನ್ಸ್ ವೀನ್, ಪೀಟರ್ ಮಾಲ್ಕಿನ್, ಹ್ಯಾರಿ ಹೆಲ್ಮ್ಸ್‌ಲಿ ಗುಂಪಿಗೆ. ನವೀಕರಣಗಳೂ ಸೇರಿ ಲೀಸಿನ ಅವಧಿ 114 ವರ್ಷ!

1991ರಲ್ಲಿ ಈ ಒಡೆತನದ ಕಾಗದ ಮಾರಾಟಕ್ಕೆ ಬಂತು. ಕೊಂಡವನು ಜಪಾನಿನ ಹಿದೆಕಿ ಯೊಕೊಯಿ. ಈತನ ಟೋಕಿಯೋದ ಹೋಟೆಲ್ ನ್ಯೂ ಜಪಾನ್‌ನಲ್ಲಿ 1982ರಲ್ಲಿ ಬೆಂಕಿ ಬಿದ್ದು 33 ಜನ ಸತ್ತಿದ್ದರು. ಆ ನಿರ್ಲಕ್ಷ್ಯಕ್ಕಾಗಿ ಜೈಲು ಶಿಕ್ಷೆಯಾದ ಆಸಾಮಿ. ಸುಮಾರು 4 ಕೋಟಿ 20 ಲಕ್ಷ ಡಾಲರಿಗೆ ಜಗತ್ಪ್ರಸಿದ್ಧ ಕಟ್ಟಡ! ಬೆಲೆ ಕೇಳಿದರೆ ಕಳ್ಳ ಮಾಲೇನೋ ಅನ್ನಿಸಬೇಕು. ಅಷ್ಟು ಅಗ್ಗ ಯಾಕೆ? ಆತನಿಗೆ ಬರುತ್ತಿದ್ದ ಲೀಸಿನ ಹಣ ವರ್ಷಕ್ಕೆ 20 ಲಕ್ಷ ಡಾಲರಿಗೂ ಕಡಿಮೆ. ಒಳಗಿನ ನೂರಾರು ಆಫೀಸುಗಳ ಬಾಡಿಗೆಯೆಲ್ಲ ಲೀಸುದಾರರ ಜೇಬಿಗೆ. ಅದೂ 2070ರ ದಶಕದವರೆಗೆ!

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಸೂಪರ್ ಹಿಟ್ ಚಿತ್ರದ ನೆಗೆಟಿವ್ ಕೊಂಡ. ಪ್ರದರ್ಶನದ ರೈಟ್ಸ್ ಮೊದಲೇ ಬೇರೆಯವರಿಗೆ ಹೋಗಿತ್ತು. ಡಬ್ಬ ತಲೆದಿಂಬಿಗಿಟ್ಟು ಮಲಗಬಹುದು, ಅಷ್ಟೇ.

1994ರಲ್ಲಿ ಈ ಪಾರ್ಟಿಗೆ ಡೊನಾಲ್ಡ್ ಟ್ರಂಪ್ ಜೊತೆಯಾದರು. ಕಟ್ಟಡವನ್ನು ಕೊಳಕಾಗಿ ಇಟ್ಟಿದ್ದಾರೆ, ಆದ್ದರಿಂದ ಲೀಸು ರದ್ದು ಮಾಡಿ ಅಂತ ಮಾಲ್ಕಿನ್, ಹೆಲ್ಮ್ಸ್‌ಲಿ ಕಡೆಯವರ ಮೇಲೆ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಜಗ್ಗಾಡಿದರೂ ಲೀಸು ಜಗ್ಗಲಿಲ್ಲ. 2002ರಲ್ಲಿ ಆ ಒಡೆತನವನ್ನು 5 ಕೋಟಿ 75 ಲಕ್ಷ ಡಾಲರಿಗೆ ಮಾರಿದರು. ಕೊಂಡವರು ಯಾರು? ಅದೇ ಲೀಸುದಾರ ಮಾಲ್ಕಿನ್ ಗುಂಪು! ಬೀಗದ ಕೈ ಇದ್ದವನೇ ಕೊನೆಗೆ ಗೋಡೆಯನ್ನೂ ಕೊಂಡ.

ನಮ್ಮ ಮೇಷ್ಟ್ರ ಲೆಕ್ಕ

ಜಪಾನ್ ಸಾಹುಕಾರರು ಬಿದ್ದರೂ ತಡೆದುಕೊಳ್ಳುತ್ತಾರೆ. ಮಗ ಮರಳುಗಾಡಿನ ಬಿಸಿಲಿನಲ್ಲಿ ದುಡಿದ ಹಣ ಹಿಡಿದು ಬಂದ ಮೇಷ್ಟ್ರು ತಡೆದುಕೊಳ್ಳುತ್ತಾರೆಯೇ?

ಕಾನೂನು ಅಡ್ಡಿಯಿಲ್ಲ. ಇಲ್ಲಿ ನೆಲೆಸಿರುವ ಒಬ್ಬರು ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಹೊರಗೆ ಕಳಿಸಬಹುದು. ಅದರಲ್ಲಿ ಆಸ್ತಿಯನ್ನೂ ಕೊಳ್ಳಬಹುದು. ದುಬೈನಲ್ಲಿ 2006ರ ಕಾನೂನಿನ ಪ್ರಕಾರ, ಸರ್ಕಾರ ಗುರುತಿಸಿದ ಬಡಾವಣೆಗಳಲ್ಲಿ ಮಾತ್ರ ವಿದೇಶೀಯರಿಗೆ ಪೂರ್ಣ ಒಡೆತನ ಸಿಗುತ್ತದೆ. ಗುರುತಿಸದ ಕಡೆ ಸಿಗುವುದಿಲ್ಲ.

ರೂಪಾಯಿಯ ಕಥೆ ಯೆನ್ ಕಥೆಗೆ ಉಲ್ಟಾ. 2010ರಲ್ಲಿ 45 ರೂಪಾಯಿ ಆಸುಪಾಸಿದ್ದ ಡಾಲರ್ 2022ರಲ್ಲಿ 80 ದಾಟಿತು. ದುಬೈನ ದಿರ್‌ಹಮ್ ಡಾಲರಿಗೆ ಕಟ್ಟಿ ಹಾಕಿದ ನಾಣ್ಯ. ಡಾಲರ್ ಏರಿದರೆ ಅದೂ ಏರುತ್ತದೆ. ಪೂರ್ತಿ ಹಣ ಕೊಟ್ಟು ಕೊಂಡವನಿಗೆ ಇದು ಲಾಭ. ಆದರೆ ಇನ್ನೂ ಕಟ್ಟದ ಅಂಗಡಿಗೆ ದಿರ್‌ಹಮ್‌ನಲ್ಲಿ ಕಂತು ಒಪ್ಪಿಕೊಂಡು, ಸಂಬಳ ರೂಪಾಯಿಯಲ್ಲಿ ಎಣಿಸುವವನಿಗೆ ಪ್ರತಿ ಕಂತೂ ದಪ್ಪವಾಗುತ್ತಾ ಹೋಗುತ್ತದೆ. ಜೊತೆಗೆ 2008ರ ಕೊನೆಯಿಂದ 2009ರವರೆಗೆ ದುಬೈನಲ್ಲಿ ಆಸ್ತಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದನ್ನು ಆ ಮಿಂಚುವ ಪುಸ್ತಕ ಹೇಳುವುದಿಲ್ಲ!

ಹೊರಬರುವ ಬಾಗಿಲನ್ನೂ ನೋಡಿಕೊಳ್ಳಬೇಕು. ಅಮೆರಿಕದಲ್ಲಿ 1980ರಿಂದ ಒಂದು ಕಾನೂನಿದೆ. ವಿದೇಶೀಯ ತನ್ನ ಆಸ್ತಿ ಮಾರಿದರೆ ಲಾಭಕ್ಕೆ ತೆರಿಗೆ. ತೆರಿಗೆಯ ಬಾಬ್ತು ಅಂತ ಕೊಳ್ಳುವವನೇ ಸಾಮಾನ್ಯವಾಗಿ ಬೆಲೆಯ 15 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾನೆ. ಲಾಭಕ್ಕಲ್ಲ, ಪೂರ್ತಿ ಬೆಲೆಗೆ! ಹೆಚ್ಚು ಹಿಡಿದಿದ್ದರೆ ಲೆಕ್ಕ ಒಪ್ಪಿಸಿ ವಾಪಸ್ಸು ಪಡೆಯಬೇಕು.

ಆದ್ದರಿಂದ ಮೇಳದ ಟೈ ಹುಡುಗನಿಗೆ ನಾಲ್ಕು ಪ್ರಶ್ನೆ ಹಾಕಿ. ನೆಲ ಯಾರದು? ಒಳಗಿರುವ ಬಾಡಿಗೆದಾರನ ಕರಾರು ಯಾವಾಗ ಮುಗಿಯುತ್ತೆ, ಆಮೇಲೆ ಎಷ್ಟು ಬರುತ್ತೆ ಅಂತ ಬರೆದುಕೊಡುತ್ತೀಯಾ? ಕಂತು ಯಾವ ನಾಣ್ಯದಲ್ಲಿ? ಮಾರಿ ಬರುವಾಗ ಕೈಗೆ ಉಳಿಯುವುದೆಷ್ಟು? ಮೇಷ್ಟ್ರು ಮೊದಲನೆಯದನ್ನು ಕೇಳಿದರು. ಹುಡುಗ ಇನ್ನೊಂದು ಕಾಫಿ ತರಿಸಿದ. ಮೇಷ್ಟ್ರು ಕಾಫಿ ಕುಡಿದು, ಪುಸ್ತಕ ಅಲ್ಲೇ ಇಟ್ಟು, ಕೊಡೆ ಎತ್ತಿಕೊಂಡು ಹೊರಟರು.

ಪೋಸ್ಟರ್ ನೋಡಿ ಟಿಕೆಟ್ ತಗೊಂಡರೆ ಹೋಗೋದು ಇನ್ನೂರು ಮುನ್ನೂರು ರೂಪಾಯಿ. ಥಿಯೇಟರನ್ನೇ ಪೋಸ್ಟರ್ ನೋಡಿ ತಗೊಂಡರೆ…? ಮಿತ್ಸುಬಿಷಿಯವರನ್ನು ಕೇಳಿ ನೋಡಿ!