ದೂರಸಂಪರ್ಕ ತಂತ್ರಾಂಶವೂ ಕೊಳ್ಳುವವರ ಹೊಣೆಯೂ

ದೂರವಾಣಿಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೈಯಲ್ಲಿ ಹಿಡಿಯುವ ಉಪಕರಣ, ಊರ ಹೊರಗಿನ ಗೋಪುರ, ಹೆಚ್ಚೆಂದರೆ ಕರೆಗಳನ್ನು ಜೋಡಿಸಿಕೊಡುವ ವಿನಿಮಯ ಕೇಂದ್ರ. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ನಮ್ಮ ದೇಶದಲ್ಲಿಯೇ ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವು ೧೯೮೬ರಲ್ಲಿ ಮೊಟ್ಟಮೊದಲು ಕಾರ್ಯಾರಂಭ ಮಾಡಿದುದು ಕರ್ನಾಟಕದ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ಸಂಗತಿಯೇ ಸರಿ. ಆದರೆ ಯಂತ್ರವನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಸೇವೆಯು ನಡೆಯುವುದಿಲ್ಲ. ಯಾರಿಗೆ ಯಾವ ಸಂಖ್ಯೆಯನ್ನು ಕೊಡಲಾಗಿದೆ, ಯಾವ ಕಂಬದ ಯಾವ ತಂತಿ ಯಾರ ಮನೆಗೆ ಹೋಗಿದೆ, ಯಾರ ದೂರು ಎಷ್ಟು ದಿನಗಳಿಂದ ಬಾಕಿಯಿದೆ, ಯಾರು ಎಷ್ಟು ಹಣ ಸಲ್ಲಿಸಬೇಕು ಎಂಬುದನ್ನೆಲ್ಲ ತಪ್ಪಿಲ್ಲದೆ ಬರೆದಿಡುವ, ಕೇಳಿದೊಡನೆ ಹುಡುಕಿಕೊಡುವ ವ್ಯವಸ್ಥೆಯೊಂದು ಬೇಕು. ಹಿಂದೆ ಈ ಕಾರ್ಯವನ್ನು ದಪ್ಪ ಲೆಡ್ಜರುಗಳೂ, ಅದಕ್ಕಿಂತ ಹೆಚ್ಚಾಗಿ ಆಯಾ ಊರಿನ ಲೈನ್‌ಮನ್‌ನ ನೆನಪೂ ನಿರ್ವಹಿಸುತ್ತಿದ್ದವು. ಚಂದಾದಾರರು ಕೋಟಿಗಳ ಲೆಕ್ಕದಲ್ಲಿರುವ ಇಂದು ಅದು ತಂತ್ರಾಂಶದ, ಅಂದರೆ ಸಾಫ್ಟ್‌ವೇರಿನ ಪಾಲಿಗೆ ಬಂದಿದೆ. ಆ ತಂತ್ರಾಂಶವನ್ನು ಕೊಳ್ಳುವ, ಮಾಡಿಸುವ, ಮಾಡಿದವರಿಂದ ಕೆಲಸ ತೆಗೆದುಕೊಳ್ಳುವ ಬಗೆಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೂರು ಬಗೆಯ ಕಾರ್ಯ

ವೃತ್ತಿಯವರು ‘ಓಎಸ್‌ಎಸ್’ ಎಂದು ಕರೆಯುವ ಈ ವ್ಯವಸ್ಥೆಯನ್ನು ಕನ್ನಡದಲ್ಲಿ ‘ಕಾರ್ಯಾಚರಣ ಬೆಂಬಲ ವ್ಯವಸ್ಥೆ’ ಎನ್ನಬಹುದು. ಇದು ಮಾತನ್ನು ಹೊತ್ತೊಯ್ಯುವುದಿಲ್ಲ. ಮಾತನ್ನು ಹೊರುವ ಜಾಲವನ್ನು ನೋಡಿಕೊಳ್ಳುತ್ತದೆ. ಇದರ ಕಾರ್ಯವನ್ನೂ, ಇದರೊಡನೆ ಬೆಸೆದುಕೊಂಡಿರುವ ಬಿಲ್ಲಿನ ವ್ಯವಸ್ಥೆಯ ಕಾರ್ಯವನ್ನೂ ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಕೇಳಿದ ಸೇವೆಯನ್ನು ಒದಗಿಸುವುದು. ಎರಡನೆಯದು, ಒದಗಿಸಿದ ಸೇವೆ ಕೆಡದಂತೆ ಕಾಯುವುದು, ಕೆಟ್ಟರೆ ಸರಿಪಡಿಸುವುದು. ಮೂರನೆಯದು, ಬಳಕೆಯನ್ನು ಅಳೆದು ಬಿಲ್ಲು ಮಾಡುವುದು.

ಒಬ್ಬ ಗೃಹಸ್ಥನು ಹೊಸ ಸಂಪರ್ಕಕ್ಕಾಗಿ ಅರ್ಜಿ ಹಾಕಿದನೆಂದು ಭಾವಿಸೋಣ. ಅರ್ಜಿಯನ್ನು ಒಂದು ತಂತ್ರಾಂಶ ದಾಖಲಿಸುತ್ತದೆ. ಅವನ ಬೀದಿಯಲ್ಲಿ ತೆರವಾದ ಮಾರ್ಗವಿದೆಯೇ ಎಂದು ಮತ್ತೊಂದು ತಂತ್ರಾಂಶ ತನ್ನ ದಾಸ್ತಾನನ್ನು ನೋಡಿ ಹೇಳುತ್ತದೆ. ಮೂರನೆಯದು ವಿನಿಮಯ ಕೇಂದ್ರಕ್ಕೆ ಆಜ್ಞೆಯನ್ನು ಕಳುಹಿಸಿ ಸಂಖ್ಯೆಗೆ ಜೀವ ಕೊಡುತ್ತದೆ. ನಾಲ್ಕನೆಯದು ಅಂದಿನಿಂದಲೇ ಬಿಲ್ಲಿನ ಲೆಕ್ಕವನ್ನು ತೆರೆಯುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ, ಸಂಪರ್ಕ ದೊರೆಯದವನಿಗೆ ಬಿಲ್ಲು ಬರುತ್ತದೆ, ಇಲ್ಲವೇ ಸಂಪರ್ಕ ದೊರೆತವನಿಗೆ ಬಿಲ್ಲೇ ಬರುವುದಿಲ್ಲ.

ಜೋಡಣೆಯ ಕಷ್ಟ

ಈ ತಂತ್ರಾಂಶಗಳೆಲ್ಲ ಒಬ್ಬರೇ ಮಾಡಿದವಲ್ಲ, ಒಂದೇ ಕಾಲದಲ್ಲಿ ಮಾಡಿದವೂ ಅಲ್ಲ. ಹತ್ತಿಪ್ಪತ್ತು ವರ್ಷಗಳ ಅವಧಿಯಲ್ಲಿ ಬೇರೆ ಬೇರೆ ಪೂರೈಕೆದಾರರಿಂದ ಕೊಂಡು ತಂದವು. ಒಂದರಲ್ಲಿ ವಿಳಾಸವು ಮನೆಯ ಸಂಖ್ಯೆಯಿಂದ ಮೊದಲಾದರೆ ಇನ್ನೊಂದರಲ್ಲಿ ಬೀದಿಯ ಹೆಸರಿನಿಂದ ಮೊದಲಾಗುತ್ತದೆ. ಒಂದರಲ್ಲಿ ‘ಚಂದಾದಾರ’ನೆಂದರೆ ವ್ಯಕ್ತಿ, ಇನ್ನೊಂದರಲ್ಲಿ ದೂರವಾಣಿಯ ಸಂಖ್ಯೆ. ಇಂಥವು ಹತ್ತಿದ್ದು, ಪ್ರತಿಯೊಂದೂ ಉಳಿದೆಲ್ಲವುಗಳೊಡನೆ ನೇರವಾಗಿ ವ್ಯವಹರಿಸಬೇಕಾದರೆ ೪೫ ಜೋಡಣೆಗಳು ಬೇಕು, ಇಪ್ಪತ್ತಾದರೆ ೧೯೦. ತಂತ್ರಾಂಶಗಳ ಸಂಖ್ಯೆ ಇಮ್ಮಡಿಯಾದರೆ ತೊಡಕು ನಾಲ್ಮಡಿಗಿಂತ ಹೆಚ್ಚಾಗುವುದೆಂಬುದನ್ನು ಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಈ ತೊಡಕನ್ನು ತಗ್ಗಿಸಲೆಂದೇ ದೂರಸಂಪರ್ಕ ಸಂಸ್ಥೆಗಳೂ ಪೂರೈಕೆದಾರರೂ ೧೯೮೮ರಲ್ಲಿ ಕೂಡಿ ಕಟ್ಟಿಕೊಂಡ ಒಕ್ಕೂಟವು, ಇಂದು ಟಿಎಂ ಫೋರಂ ಎಂಬ ಹೆಸರಿನಿಂದ, ಸಮಾನ ಪರಿಭಾಷೆಯನ್ನೂ ಕಾರ್ಯವಿಧಾನದ ನಕ್ಷೆಯನ್ನೂ ರೂಪಿಸುತ್ತ ಬಂದಿದೆ. ನಕ್ಷೆ ಒಂದೇ ಆದರೂ ಕಟ್ಟಡಗಳು ಬೇರೆ ಬೇರೆಯಾಗಿಯೇ ಇರುವುದರಿಂದ ಕಷ್ಟ ಪೂರ್ತಿಯಾಗಿ ನೀಗಿಲ್ಲ. ಪ್ರತಿಯೊಬ್ಬ ಪೂರೈಕೆದಾರನೂ ತನ್ನ ಭಾಗ ಸರಿಯಾಗಿದೆಯೆಂದು ಹೇಳಬಲ್ಲನು, ಅವನ ಮಾತು ಸತ್ಯವೂ ಆಗಿರಬಹುದು. ದೋಷವಿರುವುದು ಎರಡು ಭಾಗಗಳ ನಡುವಿನ ಬೆಸುಗೆಯಲ್ಲಿ. ಆ ಬೆಸುಗೆಗೆ ಒಡೆಯನು ಕೊಂಡುಕೊಂಡ ಸಂಸ್ಥೆಯಲ್ಲದೆ ಬೇರಾರೂ ಅಲ್ಲ.

ಅಮೆರಿಕದ ಒಂದು ಪಾಠ

ಇದಕ್ಕೊಂದು ಪ್ರಸಿದ್ಧ ನಿದರ್ಶನವುಂಟು. ಅಮೆರಿಕದ ಸಂಚಾರಿ ದೂರವಾಣಿಯ ಚಂದಾದಾರರಿಗೆ, ತಮ್ಮ ಸಂಖ್ಯೆಯನ್ನು ಬಿಡದೆ ಸಂಸ್ಥೆಯನ್ನು ಬದಲಿಸುವ ಹಕ್ಕು ೨೦೦೩ರ ನವೆಂಬರ್ ೨೪ರಂದು, ಮೊದಲಿಗೆ ನೂರು ಮಹಾನಗರ ಪ್ರದೇಶಗಳಲ್ಲಿ ದೊರೆಯಿತು. ಹಲವು ಸಲ ಮುಂದೂಡಲ್ಪಟ್ಟ ಮೇಲೆ ಅಲ್ಲಿಯ ನಿಯಂತ್ರಣ ಆಯೋಗವು ನಿಶ್ಚಯಿಸಿದ ದಿನವದು. ಆಗಿನ ದೊಡ್ಡ ಸಂಸ್ಥೆಗಳಲ್ಲೊಂದಾದ ಎಟಿ ಅಂಡ್ ಟಿ ವೈರ್‌ಲೆಸ್, ಗ್ರಾಹಕರ ವಿವರಗಳನ್ನು ನಿರ್ವಹಿಸುವ ತನ್ನ ಸೀಬೆಲ್ ತಂತ್ರಾಂಶದ ಹೊಸ ಆವೃತ್ತಿಯನ್ನು ಅದೇ ತಿಂಗಳಲ್ಲಿ ಜಾರಿಗೆ ತರಲು ಹೊರಟಿತು. ಹೊಸ ವ್ಯವಸ್ಥೆ ಕುಸಿಯಿತು. ಸಿಬ್ಬಂದಿಗೆ ಗ್ರಾಹಕರ ದಾಖಲೆಗಳನ್ನು ತೆರೆಯುವುದೇ ದುಸ್ತರವಾಯಿತು. ಹೊಸ ಚಂದಾದಾರರನ್ನು ಸೇರಿಸಿಕೊಳ್ಳುವ ಕೆಲಸ ಕುಂಠಿತವಾಯಿತು. ಗ್ರಾಹಕರು ಸಂಸ್ಥೆಯನ್ನು ಬಿಟ್ಟುಹೋಗಲು ಸ್ವತಂತ್ರರಾದ ಗಳಿಗೆಯಲ್ಲಿಯೇ ಸಂಸ್ಥೆಯು ಅವರಿಗೆ ಉತ್ತರಿಸಲಾರದೆ ಹೋಯಿತು.

ಆ ಬಳಿಕ ಪತ್ರಿಕೆಗಳಲ್ಲಿ ಬಂದ ವಿಶ್ಲೇಷಣೆಗಳು ಎತ್ತಿ ತೋರಿಸಿದ ಕಾರಣಗಳು ಮನನೀಯವಾಗಿವೆ. ಹೊಸ ತಂತ್ರಾಂಶವು ಹಲವಾರು ಹಳೆಯ ತಂತ್ರಾಂಶಗಳೊಡನೆ ಹೊಂದಿಕೊಳ್ಳಬೇಕಾಗಿತ್ತು. ಆದರೆ ಪರೀಕ್ಷೆ ನಡೆಯುತ್ತಿರುವಾಗಲೇ ಆ ಹಳೆಯವುಗಳಲ್ಲಿಯೂ ಬದಲಾವಣೆಗಳು ನಡೆದಿದ್ದವು. ಹೊಸದು ಕೈಕೊಟ್ಟಾಗ ಹಳೆಯ ಆವೃತ್ತಿಗೆ ಮರಳಲು ಬೇಕಾದ ಸಿದ್ಧತೆಯೂ ಇರಲಿಲ್ಲ. ೨೦೦೪ರ ಫೆಬ್ರವರಿಯಲ್ಲಿ ಸಿಂಗ್ಯುಲರ್ ಎಂಬ ಮತ್ತೊಂದು ಸಂಸ್ಥೆಯು ೪,೧೦೦ ಕೋಟಿ ಡಾಲರುಗಳಿಗೆ ಇದನ್ನು ಕೊಳ್ಳಲು ಒಪ್ಪಿತು. ಅದೇ ಅಕ್ಟೋಬರಿನಲ್ಲಿ ವ್ಯವಹಾರ ಮುಗಿಯಿತು. ಮಾರಾಟಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ತಂತ್ರಾಂಶವನ್ನು ಕೊಂಡುಕೊಂಡ ಮೇಲೆ ಅದನ್ನು ನೆಲೆಗೊಳಿಸುವ ಎಚ್ಚರ ಎಷ್ಟು ಅಗತ್ಯವೆಂಬುದನ್ನು ಈ ಪ್ರಕರಣ ಕಲಿಸುತ್ತದೆ.

ಕೆಲಸ ಹಿಂದೆ ಬಿದ್ದಾಗ ಇನ್ನಷ್ಟು ಜನರನ್ನು ಹಚ್ಚಿದರಾಯಿತೆಂಬ ಭಾವನೆಯೂ ಸಾಮಾನ್ಯವಾಗಿದೆ. ತಡವಾದ ತಂತ್ರಾಂಶದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ಫ್ರೆಡರಿಕ್ ಬ್ರೂಕ್ಸ್ ಅವರು ೧೯೭೫ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಹೊಸಬರಿಗೆ ಕೆಲಸ ಕಲಿಸಬೇಕಾದವರು ಈಗಾಗಲೇ ಕೆಲಸದಲ್ಲಿ ಮುಳುಗಿರುವವರೇ ಅಲ್ಲವೇ?

ಕರಾರು ಮತ್ತು ಅಳತೆ

ಪೂರೈಕೆದಾರನಿಗೆ ಯಾವುದರ ಆಧಾರದ ಮೇಲೆ ಹಣ ಕೊಡಬೇಕೆಂಬುದು ಮುಂದಿನ ಪ್ರಶ್ನೆ. ನಮ್ಮ ದೇಶದಲ್ಲಿ ಭಾರ್ತಿ ಸಂಸ್ಥೆಯು ೨೦೦೪ರಲ್ಲಿ ತನ್ನ ಗಣಕ ವ್ಯವಸ್ಥೆಯ ಬಹುಪಾಲು ಕೆಲಸವನ್ನು ಐಬಿಎಂ ಸಂಸ್ಥೆಗೆ ಹತ್ತು ವರ್ಷಗಳ ಕರಾರಿನ ಮೇಲೆ ವಹಿಸಿತು. ಯಂತ್ರಗಳಿಗೆ ಬೆಲೆ ಕಟ್ಟುವ ಬದಲು ವರಮಾನದಲ್ಲಿ ಪಾಲು ಕೊಡುವ ಪದ್ಧತಿಯನ್ನು ಅಲ್ಲಿ ಅನುಸರಿಸಲಾಯಿತು. ಜಾಲದ ಉಪಕರಣಗಳನ್ನು ಒದಗಿಸುವ ಎರಿಕ್‌ಸನ್ ಮುಂತಾದವರೊಡನೆ, ಪೆಟ್ಟಿಗೆಗಳ ಎಣಿಕೆಗಲ್ಲದೆ ಬಳಕೆಗೆ ಬಂದ ಸಾಮರ್ಥ್ಯಕ್ಕೆ ಹಣ ಕೊಡುವ ಒಪ್ಪಂದವಾಯಿತು. ಆ ಸಾಮರ್ಥ್ಯದ ಮಾನ ‘ಎರ್ಲಾಂಗ್’; ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ಅವರ ಹೆಸರನ್ನು ಹೊತ್ತದ್ದು. ಒಂದು ಮಾರ್ಗವು ಒಂದು ಗಂಟೆ ಕಾಲ ಎಡೆಬಿಡದೆ ಮಾತಿನಿಂದ ತುಂಬಿದ್ದರೆ ಆ ಗಂಟೆಯ ಹೊರೆ ಒಂದು ಎರ್ಲಾಂಗ್. ಹೀಗೆ ಮಾಡುವುದರಿಂದ ಸಂಸ್ಥೆ ಬೆಳೆದರೆ ಪೂರೈಕೆದಾರನೂ ಬೆಳೆಯುತ್ತಾನೆ. ಬೇಡದ ಯಂತ್ರವನ್ನು ಮಾರುವ ಆಸೆ ಅವನಿಗೆ ಕಡಿಮೆಯಾಗುತ್ತದೆ.

ಆದರೆ ಅಳತೆಯನ್ನು ತಪ್ಪಾಗಿ ಆರಿಸಿದರೆ ಆಗುವ ಅನರ್ಥವನ್ನು ಈ ಲೇಖಕನು ತನ್ನ ಸೇವಾವಧಿಯಲ್ಲಿ ಕಣ್ಣಾರೆ ಕಂಡಿದ್ದಾನೆ. ದೂರುಗಳ ದುರಸ್ತಿಯನ್ನು ಗುತ್ತಿಗೆಗೆ ಕೊಡುವಾಗ, ಪ್ರತಿಯೊಂದು ದೂರನ್ನೂ ನಾಲ್ಕು ಗಂಟೆಗಳೊಳಗೆ ‘ಮುಕ್ತಾಯ’ಗೊಳಿಸಬೇಕು, ತಪ್ಪಿದರೆ ದಂಡವೆಂದು ಕರಾರಿನಲ್ಲಿ ಬರೆದಿದ್ದೆವು. ಗುತ್ತಿಗೆದಾರನ ಕಡೆಯವರು ನಾಲ್ಕನೆಯ ಗಂಟೆ ಮುಗಿಯುವ ಮುನ್ನ ದೂರನ್ನು ಮುಕ್ತಾಯವೆಂದು ದಾಖಲಿಸಿ, ಅದೇ ದೂರವಾಣಿಗೆ ಮರುದಿನ ಹೊಸ ದೂರನ್ನು ತೆರೆಯುತ್ತಿದ್ದರು. ತಂತ್ರಾಂಶವು ತಿಂಗಳ ಕೊನೆಗೆ ಕೊಟ್ಟ ವರದಿ ಅತ್ಯಂತ ಸಮಾಧಾನಕರವಾಗಿತ್ತು. ಒಂದು ದಿನ ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯ ದಾದಿಯೊಬ್ಬರು ಬಸ್ಸು ಹತ್ತಿ ಕಚೇರಿಗೇ ಬಂದರು. ಹನ್ನೊಂದು ದಿನಗಳಿಂದ ಅವರ ಆಸ್ಪತ್ರೆಯ ದೂರವಾಣಿ ಸತ್ತುಹೋಗಿತ್ತು; ರಾತ್ರಿ ಹೆರಿಗೆಗೆ ತೊಡಕಾದರೆ ದೊಡ್ಡ ಆಸ್ಪತ್ರೆಯ ವೈದ್ಯರನ್ನು ಕರೆಯಲು ಅದೊಂದೇ ಆಸರೆ. ನಾನು ಪರದೆಯನ್ನು ನೋಡಿ, ಅದು ಸರಿಹೋಗಿದೆಯೆಂದು ಐದು ಸಲ ದಾಖಲಾಗಿರುವುದನ್ನು ಹೇಳಿದೆ. “ನಿಮ್ಮ ಪುಸ್ತಕದಲ್ಲಿ ಸರಿಹೋಗಿದೆ ಸಾರ್, ನಮ್ಮ ಆಸ್ಪತ್ರೆಯಲ್ಲಿ ಸರಿಹೋಗಿಲ್ಲ” ಎಂದರು ಆ ತಾಯಿ. ಗುತ್ತಿಗೆದಾರನನ್ನು ದೂರುವುದು ಸುಲಭವಾಗಿತ್ತು. ಆದರೆ ಆ ಷರತ್ತನ್ನು ಬರೆದವರು ನಾವೇ. ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮುಂದೆ ಚಂದಾದಾರನೇ ಸರಿಯಾಯಿತೆಂದು ಒಪ್ಪಿದ ಹೊರತು ದೂರು ಮುಕ್ತಾಯವಾಗಕೂಡದೆಂದು ಕರಾರನ್ನು ತಿದ್ದಿದೆವು. ಮೊದಲ ತಿಂಗಳ ವರದಿ ನೋಡಲಾಗದಷ್ಟು ಕೆಟ್ಟದಾಗಿತ್ತು. ಆದರೆ ಅದು ನಿಜವಾದ ವರದಿಯಾಗಿತ್ತು.

ನಮ್ಮ ದೇಶದ ಅನುಭವ

ಸಂಖ್ಯೆಯನ್ನು ಉಳಿಸಿಕೊಂಡು ಸಂಸ್ಥೆಯನ್ನು ಬದಲಿಸುವ ಸೌಲಭ್ಯವು ಭಾರತಕ್ಕೂ ಬಂದಿತು. ಇದರಲ್ಲಿ ಹಳೆಯ ಸಂಸ್ಥೆ, ಹೊಸ ಸಂಸ್ಥೆ, ನಡುವೆ ನಿಂತು ಕೋರಿಕೆಯನ್ನು ದಾಟಿಸುವ ಮಧ್ಯವರ್ತಿ ಸಂಸ್ಥೆ, ಹಾಗೂ ಕರೆಗಳನ್ನು ಹೊಸ ದಾರಿಗೆ ತಿರುಗಿಸಬೇಕಾದ ಇತರ ಎಲ್ಲ ಸಂಸ್ಥೆಗಳ ತಂತ್ರಾಂಶಗಳೂ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಮಧ್ಯವರ್ತಿ ಕಾರ್ಯಕ್ಕಾಗಿ ದೇಶವನ್ನು ಎರಡು ವಲಯಗಳಾಗಿ ವಿಂಗಡಿಸಿ ಎರಡು ಸಂಸ್ಥೆಗಳನ್ನು ನೇಮಿಸಲಾಯಿತು; ಕರ್ನಾಟಕವು ದಕ್ಷಿಣ ಮತ್ತು ಪೂರ್ವ ರಾಜ್ಯಗಳ ವಲಯಕ್ಕೆ ಸೇರಿತು. ದಿನಾಂಕವು ಇಲ್ಲಿಯೂ ಹಲವು ಸಲ ಮುಂದೆ ಹೋಯಿತು. ಕೊನೆಗೆ ೨೦೧೦ರ ನವೆಂಬರ್ ೨೫ರಂದು ಹರಿಯಾಣ ಒಂದರಲ್ಲಿ ಮಾತ್ರ ಇದನ್ನು ಆರಂಭಿಸಿ, ಸುಮಾರು ಎರಡು ತಿಂಗಳ ಬಳಿಕ, ೨೦೧೧ರ ಜನವರಿ ೨೦ರಂದು ಇಡೀ ದೇಶಕ್ಕೆ ವಿಸ್ತರಿಸಲಾಯಿತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರೂ ಸಂಖ್ಯೆಯನ್ನು ಉಳಿಸಿಕೊಳ್ಳುವ ಅವಕಾಶ ೨೦೧೫ರ ಜುಲೈ ೩ರಿಂದ ದೊರೆಯಿತು. ಹೊಸ ಬೀಜವನ್ನು ರೈತನು ಮೊದಲು ಒಂದು ಮಡಿಯಲ್ಲಿ ಬಿತ್ತಿ ನೋಡಿ, ಆಮೇಲೆ ಹೊಲಕ್ಕೆಲ್ಲ ಹರಡುವಂತೆ, ಹಂತಹಂತವಾಗಿ ಮುನ್ನಡೆಯುವುದು ಇಂಥ ಕಾರ್ಯಗಳಲ್ಲಿ ಕ್ಷೇಮಕರವಾದ ಮಾರ್ಗ.

ಒಟ್ಟಿನಲ್ಲಿ ಹೇಳುವುದಾದರೆ, ತಂತ್ರಾಂಶವನ್ನು ಮಾಡಿಸುವವರು ನಾಲ್ಕು ಸಂಗತಿಗಳನ್ನು ಮರೆಯಬಾರದು. ಬೇಕಾದುದೇನೆಂಬುದನ್ನು ಮೊದಲು ತಾವೇ ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ಮುನ್ನ ತಿದ್ದಿ ಶುದ್ಧಗೊಳಿಸಬೇಕು. ಮುಂದೆ ಹೋಗುವ ದಿನಕ್ಕಿಂತ ಮೊದಲೇ ಹಿಂದಿರುಗುವ ದಾರಿಯನ್ನು ಸಿದ್ಧಪಡಿಸಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಇಡೀ ವ್ಯವಸ್ಥೆಯನ್ನು ಬಲ್ಲ ಕೆಲವರನ್ನಾದರೂ ತಮ್ಮ ಸಂಸ್ಥೆಯಲ್ಲಿಯೇ ಉಳಿಸಿಕೊಳ್ಳಬೇಕು. ತಿಳಿದವರಿಲ್ಲದ ಮನೆಯಲ್ಲಿ ಗುತ್ತಿಗೆದಾರನು ಹೇಳಿದ್ದೇ ಲೆಕ್ಕವಾಗುತ್ತದೆ.

ಈ ಶಾಲೆಯಲ್ಲಿ ಇಂದು ಓದುತ್ತಿರುವ ಅನೇಕರು ನಾಳೆ ಇಂಥ ಉದ್ಯೋಗಗಳಿಗೆ ಹೋಗುವವರಿದ್ದಾರೆ. ಕೆಲವರು ತಂತ್ರಾಂಶವನ್ನು ಮಾಡುವ ಕಡೆ ಕುಳಿತುಕೊಳ್ಳುವರು, ಕೆಲವರು ಕೊಳ್ಳುವ ಕಡೆ. ಎಲ್ಲಿಯೇ ಕುಳಿತಿರಲಿ, ಪರದೆಯ ಮೇಲೆ ‘ಸರಿಹೋಗಿದೆ’ ಎಂಬ ಮಾತು ಕಂಡಾಗ, ಅದು ಯಾವ ಊರಿನ ಯಾರ ದೂರವಾಣಿ, ಅದು ಈಗ ನಿಜವಾಗಿಯೂ ಸದ್ದು ಮಾಡುತ್ತಿದೆಯೇ ಎಂದು ಒಮ್ಮೆ ವಿಚಾರಿಸುವ ಅಭ್ಯಾಸವನ್ನು ಅವರು ಬೆಳೆಸಿಕೊಳ್ಳಲೆಂದು ಈ ಹಳೆಯ ವಿದ್ಯಾರ್ಥಿಯ ಹಾರೈಕೆ.