ಅನ್ನದ ತೂಕ, ಇನ್ಸುಲಿನ್ನಿನ ಅಳತೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ಮಧುಮೇಹವೆಂದೊಡನೆ ನಾವು ಶಂಕಿಸುವುದು ಜೋನಿಬೆಲ್ಲವನ್ನು, ತೊಡದೇವನ್ನು. ಆದರೆ ಎಲೆಯ ಮೇಲಿನ ಅನ್ನವೂ ಜೀರ್ಣವಾಗಿ ಗ್ಲೂಕೋಸೇ ಆಗುವುದು. 100 ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವುಂಟು.

ಆರೋಗ್ಯವಂತರ ಮೇದೋಜೀರಕ ಗ್ರಂಥಿಯು ಉಂಡುದಕ್ಕೆ ತಕ್ಕಷ್ಟು ಇನ್ಸುಲಿನ್ನನ್ನು ತಾನೇ ಅಳೆದು ಸ್ರವಿಸುತ್ತದೆ. ಮೊದಲನೆಯ ಬಗೆಯ ಮಧುಮೇಹದಲ್ಲಿ ಆ ಶಕ್ತಿ ಅಳಿದಿರುತ್ತದೆ. 1922ರ ಜನವರಿಯಲ್ಲಿ ಟೊರಾಂಟೊ ನಗರದ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಅಂದಿನಿಂದ ಮದ್ದೇನೋ ದೊರೆಯಿತು. ಅಳೆಯುವ ಹೊಣೆ ಮಾತ್ರ ರೋಗಿಯ ಪಾಲಿಗೆ ಬಂದಿತು.

ಲೆಕ್ಕ ಕಠಿಣವಲ್ಲ. 10 ಗ್ರಾಂ ಶರ್ಕರಪಿಷ್ಟಕ್ಕೆ 1 ಯೂನಿಟ್ ಎಂದು ವೈದ್ಯರು ಗೊತ್ತುಮಾಡಿದ್ದರೆ, 200 ಗ್ರಾಂ ಅನ್ನಕ್ಕೆ ಸುಮಾರು ಐದೂವರೆ ಯೂನಿಟ್ ಬೇಕು. ಈ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು ತೆರ. ನೆರೆಯವರ ಲೆಕ್ಕ ನಮಗೆ ಸಲ್ಲದು. ಕೆಲವು ದಿನ ಅನ್ನವನ್ನು ತಕ್ಕಡಿಯಲ್ಲಿ ತೂಗಿ ನೋಡಿದರೆ, ಬಳಿಕ ಸೌಟಿನ ಅಳತೆಯೇ ಕಣ್ಣಿಗೆ ರೂಢಿಯಾಗುವುದು.

ಎಂದಿನ ಮದ್ದು ಹಬ್ಬದೂಟಕ್ಕೆ ಸಾಲದು. ಅದನ್ನೇ ಚುಚ್ಚಿಕೊಂಡು ಊಟ ತಪ್ಪಿಸಿದರೆ ಅಪಾಯ. ಅಡಿಕೆ ಕೊಯ್ಲಿನ ದುಡಿಮೆಯೂ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಬೆವರು, ನಡುಕ, ಮಂಕು ಇದರ ಲಕ್ಷಣಗಳು. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳಾದ ಮೇಲೆ ಮತ್ತೆ ಪರೀಕ್ಷಿಸಬೇಕು. ತೋಟದಲ್ಲಿ ಸಕ್ಕರೆಯಿಲ್ಲದಿದ್ದರೆ, ನಾವು ಶಂಕಿಸಿದ ಜೋನಿಬೆಲ್ಲವೇ ಆಗ ಮದ್ದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.